ಪಾಯಿಂಟ್ ಹೊಸದು, ಕಾಯಿಲ್ ಹೊಸದು, ಆದರೂ ಕರೆಂಟ್ ಇಲ್ಲ: ಒಂದು ಜೀಪ್ ಪಿಕಪ್‌ನ ಪ್ರಕರಣ

ಗಾಡಿ ಉದ್ದ ಚಾಸಿಯ ಹಳೆಯ ಪೆಟ್ರೋಲ್ ಜೀಪು. ಹಿಂದಿನ ಸೀಟುಗಳನ್ನೆಲ್ಲ ತೆಗೆಸಿ, ಮರದ ಹಲಗೆ ಹಾಸಿದ ಪಿಕಪ್ ಬಾಡಿ ಕಟ್ಟಿಸಿದ್ದಾರೆ. ಎಂಜಿನ್ ಹರಿಕೇನ್ ಎಫ್-134. ನಾಲ್ಕು ಸಿಲಿಂಡರ್, 2.2 ಲೀಟರ್, ಇನ್‌ಟೇಕ್ ವಾಲ್ವು ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವು ಬ್ಲಾಕಿನಲ್ಲಿ. ಇದರಲ್ಲಿ ಕಂಪ್ಯೂಟರಿಲ್ಲ, ಸೆನ್ಸರಿಲ್ಲ. ಬ್ಯಾಟರಿ, ಕೀ, ಬ್ಯಾಟರಿಯ 12 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸುವ ಕಾಯಿಲ್, ಅದನ್ನು ಸರದಿಯಂತೆ ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್, ಅದರೊಳಗೆ ಕಾಯಿಲ್ಲಿನ ಕರೆಂಟನ್ನು ಮುಚ್ಚಿ ತೆರೆಯುವ ಪುಟ್ಟ ಸ್ವಿಚ್ಚಾದ ಪಾಯಿಂಟ್, ಕಿಡಿ ಹಾರಿಸುವ ಪ್ಲಗ್ಗು, ಅವುಗಳ ನಡುವೆ ಒಂದಷ್ಟು ವೈರು, ಇಷ್ಟೇ ಅದರ ಇಗ್ನಿಷನ್. ದೂರು ಕೂಡ ಅಷ್ಟೇ ಚಿಕ್ಕದು: ಸೆಲ್ಫ್ ಹೊಡೆದರೆ ಎಂಜಿನ್ ಚೆನ್ನಾಗಿ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ, ಪ್ಲಗ್ಗಿಗೆ ಕರೆಂಟ್ ಬರುತ್ತಿಲ್ಲ.

ಗಾಡಿಯ ಒಡತಿ ಕನಕಪುರ ರಸ್ತೆಯ ಕಡೆ ನರ್ಸರಿ ನಡೆಸುವ ಅಕ್ಕ. ಅವರ ತಂದೆ ಓಡಿಸುತ್ತಿದ್ದ ಗಾಡಿ ಇದು. ಆಗಸ್ಟ್ 15ರ ಹೊತ್ತಿನ ಲಾಲ್‌ಬಾಗ್ ಫ್ಲವರ್ ಶೋ ಹತ್ತಿರ ಬಂದರೆ ಸಸಿ, ಕುಂಡ, ಗೊಬ್ಬರದ ಮೂಟೆ ಸಾಗಿಸಲು ಅವರಿಗೆ ಅದೇ ಬೇಕು. ಜುಲೈನ ಮಳೆಯಲ್ಲಿ ಸಾರಕ್ಕಿ ದಾಟಿ ಬರುವಾಗ ಚಕ್ರ ಒಂದು ಗುಂಡಿಗೆ ಇಳಿದು ಎದ್ದಿತು, ಎಂಜಿನ್ ಅಲ್ಲೇ ನಿಂತಿತು. ನೋಡಿದವರೆಲ್ಲ ನೀರು ಹೋಗಿದೆ ಅಂದರು. ಬಟ್ಟೆಯಲ್ಲಿ ಒರೆಸಿದರು, ಬಿಸಿಲಿಗೆ ನಿಲ್ಲಿಸಿದರು. ಆಮೇಲೆ ಅವರ ಕಡೆಯ ಮೆಕ್ಯಾನಿಕ್ ಪ್ಲಗ್ಗು ಬದಲಿಸಿದರು, ಪಾಯಿಂಟು ಮತ್ತು ಅದರ ಬಾಯಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಬದಲಿಸಿದರು, ಕೊನೆಗೆ ಕಾಯಿಲ್ಲೂ ಬದಲಿಸಿದರು. ಒಂದೊಂದಕ್ಕೂ ಜೆ.ಸಿ. ರಸ್ತೆಗೆ ಹೋಗಿ ಬಂದದ್ದಾಯಿತು. ಯಾವುದರಿಂದಲೂ ಕಿಡಿ ಬರಲಿಲ್ಲ. ಗಾಡಿಯನ್ನು ಎಳೆಸಿಕೊಂಡು ವಿಲ್ಸನ್ ಗಾರ್ಡನ್ನಿನ ನಮ್ಮ ಶೆಡ್ಡಿಗೆ ತಂದರು.

ಬಾನೆಟ್ ಎತ್ತುವ ಮೊದಲು ಅಕ್ಕನನ್ನು ಕೂರಿಸಿಕೊಂಡು ಕೇಳಿದೆ: ನಿಲ್ಲುವುದಕ್ಕೆ ಮುಂಚಿನ ದಿನಗಳಲ್ಲಿ ಗಾಡಿ ಹೇಗಿತ್ತು?

"ಗುಂಡಿಗೆ ಬಿದ್ರೆ ಒಂದ್ಸಲ ಕೆಮ್ಮೋದು ಅಣ್ಣ. ಎಂಜಿನ್ ಆಫ್ ಆದಂಗಾಗಿ ತಕ್ಷಣ ಹಿಡ್ಕೊಳ್ಳೋದು. ಮಳೆ ಇಲ್ದೇ ಇರೋವಾಗ್ಲೂ ಹಂಗೇ ಮಾಡ್ತಿತ್ತು."

ಸ್ವಲ್ಪ ತಡೆದು ಇನ್ನೊಂದು ಮಾತು ಸೇರಿಸಿದರು. "ಮುಂಚೆ ಸೆಲ್ಫ್ ಹೊಡಿವಾಗ ಮೀಟರ್ ಮುಳ್ಳು ಅದುರ್ತಿತ್ತು. ಈಗ ಒಂದೇ ಕಡೆ ನಿಂತ್ಬಿಡುತ್ತೆ. ಅಪ್ಪ ಆ ಮುಳ್ಳು ನೋಡ್ಕೊಂಡೇ ಗಾಡಿ ಸ್ಟಾರ್ಟ್ ಮಾಡೋರು."

ಈ ಎರಡು ಮಾತುಗಳಲ್ಲಿ ಇಡೀ ರೋಗ ಇತ್ತು. ಗಾಡಿ ರಿಪೇರಿಗೆ ಬಂದಾಗ ಓಡಿಸಿದವರ ಮಾತು ಕೇಳದೆ ಸ್ಪ್ಯಾನರ್ ಹಿಡಿಯುವವರು ಹೆಚ್ಚು. ದಿನಾ ಓಡಿಸುವವರಿಗೆ ಭಾಗಗಳ ಹೆಸರು ಗೊತ್ತಿರದಿರಬಹುದು, ಆದರೆ ಯಾವುದು ಮೊದಲಿನಂತಿಲ್ಲ ಎಂಬುದು ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಮುಳ್ಳು ಯಾಕೆ ಅದುರಬೇಕು? ಡ್ಯಾಶ್ ಬೋರ್ಡಿನ ಆಂಪಿಯರ್ ಮೀಟರ್ ಬ್ಯಾಟರಿಗೆ ಹೋಗುವ ಬರುವ ಕರೆಂಟನ್ನು ತೋರಿಸುತ್ತದೆ. ಸೆಲ್ಫ್ ಮೋಟರಿನ ದೊಡ್ಡ ಕರೆಂಟು ಮಾತ್ರ ಅದರ ಮೂಲಕ ಹಾಯುವುದಿಲ್ಲ. ಕಾಯಿಲ್ಲಿನೊಳಗೆ ತಂತಿಯ ಎರಡು ಸುತ್ತುಗಳಿವೆ, ಪ್ರೈಮರಿ ಮತ್ತು ಸೆಕೆಂಡರಿ. ಕೀ ಹಾಕಿದಾಗ ಪ್ರೈಮರಿ ಸುತ್ತಿಗೆ ಮೂರರಿಂದ ನಾಲ್ಕು ಆಂಪಿಯರ್ ಹರಿಯುತ್ತದೆ, ಪಾಯಿಂಟ್ ಮುಚ್ಚಿದ್ದರೆ. ಪಾಯಿಂಟ್ ತೆರೆದ ಕ್ಷಣ ಆ ಹರಿವು ಕಡಿದುಹೋಗುತ್ತದೆ. ಓಡುವ ನೀರಿನ ನಲ್ಲಿಯನ್ನು ಥಟ್ಟನೆ ಮುಚ್ಚಿದರೆ ಪೈಪು ದಬ್ಬೆಂದು ಗುದ್ದಿಕೊಳ್ಳುವ ಹಾಗೆ, ಕಡಿದ ಕರೆಂಟು ಪ್ರೈಮರಿಯಲ್ಲಿ ಇನ್ನೂರು ಮುನ್ನೂರು ವೋಲ್ಟಿಗೆ ಜಿಗಿಯುತ್ತದೆ. ಸೆಕೆಂಡರಿ ಸುತ್ತುಗಳು ಅದನ್ನು ಹದಿನೈದು ಇಪ್ಪತ್ತು ಸಾವಿರ ವೋಲ್ಟಿಗೆ ಏರಿಸುತ್ತವೆ. ಕಿಡಿ ಹುಟ್ಟುವುದು ಪಾಯಿಂಟ್ ತೆರೆದಾಗ, ಮುಚ್ಚಿದಾಗಲ್ಲ. ಎಂಜಿನ್ ತಿರುಗುವಾಗ ಹೀಗೆ ಮುಚ್ಚಿ ತೆರೆದು ಮಾಡುವುದರಿಂದ ಮುಳ್ಳು ಅದುರುತ್ತದೆ. ಅದುರದೆ ಡಿಸ್‌ಚಾರ್ಜ್ ಕಡೆ ಗಟ್ಟಿಯಾಗಿ ನಿಂತಿದೆ ಎಂದರೆ ಕರೆಂಟ್ ಹೋಗುತ್ತಿದೆ, ಕಡಿಯುತ್ತಿಲ್ಲ. ಮುಳ್ಳು ಸೊನ್ನೆಯಲ್ಲೇ ಇದ್ದಿದ್ದರೆ ಕರೆಂಟೇ ಹೋಗುತ್ತಿಲ್ಲ ಎಂದಾಗುತ್ತಿತ್ತು, ಹುಡುಕಾಟದ ದಾರಿಯೇ ಬೇರೆಯಾಗುತ್ತಿತ್ತು.

ಹಾಗಂತ ಮುಳ್ಳೊಂದನ್ನೇ ನಂಬಿ ಡಿಸ್ಟ್ರಿಬ್ಯೂಟರ್ ಬಿಚ್ಚಲಿಲ್ಲ. ಮೊದಲು ಒಂದು ಪ್ಲಗ್ ತೆಗೆದು ನೋಡಿದೆವು: ಒದ್ದೆಯಾಗಿತ್ತು, ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು. ಕಾರ್ಬುರೇಟರ್ ತನ್ನ ಕೆಲಸ ಮಾಡುತ್ತಿದೆ. ಪ್ಲಗ್ಗನ್ನು ಮತ್ತೆ ಕೂರಿಸಿ, ಸುತ್ತ ಚೆಲ್ಲಿದ್ದನ್ನು ಒರೆಸಿ, ಆವಿ ಹೋಗುವವರೆಗೆ ಕಾದೆವು. ಕಿಡಿ ಪರೀಕ್ಷೆ ಮಾಡುವ ಜಾಗದಲ್ಲಿ ಪೆಟ್ರೋಲ್ ಆವಿ ಇರಬಾರದು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ.

ಡಿಸ್ಟ್ರಿಬ್ಯೂಟರ್ ಕ್ಯಾಪಿನ ನಡುವಿನಿಂದ ಕಾಯಿಲ್ಲಿನ ದಪ್ಪ ವೈರನ್ನು ಕಿತ್ತು, ಇನ್ಸುಲೇಷನ್ ಇರುವ ಇಕ್ಕಳದಲ್ಲಿ ಹಿಡಿದು, ತುದಿಯನ್ನು ಬ್ಲಾಕಿನಿಂದ ಆರು ಮಿಲಿಮೀಟರ್ ದೂರದಲ್ಲಿಟ್ಟು ನಮ್ಮ ಹುಡುಗನಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಕಿಡಿ ಇಲ್ಲ. ಈ ಒಂದೇ ಪರೀಕ್ಷೆಯಿಂದ ಅರ್ಧ ಸರ್ಕೀಟು ಪಕ್ಕಕ್ಕೆ ಸರಿಯಿತು. ಕ್ಯಾಪ್, ಅದರೊಳಗೆ ತಿರುಗುವ ರೋಟರ್, ನಾಲ್ಕು ಪ್ಲಗ್ ವೈರು, ನಾಲ್ಕು ಪ್ಲಗ್ಗು, ಇವೆಲ್ಲ ಕಾಯಿಲ್ಲಿನಿಂದ ಆಚೆಗಿನವು. ಕಾಯಿಲ್ಲಿನಿಂದಲೇ ಕಿಡಿ ಹೊರಡದಿದ್ದ ಮೇಲೆ ಅವನ್ನು ಈಗ ಮುಟ್ಟಿ ಪ್ರಯೋಜನವಿಲ್ಲ. ನೀರು ಹೋಗಿದೆ ಎಂಬ ವಾದವೂ ಇಲ್ಲೇ ಬಿತ್ತು: ಕ್ಯಾಪಿನೊಳಗೆ ತೇವ ಕೂತರೆ ಕಿಡಿ ಅಲ್ಲಿ ದಾರಿ ತಪ್ಪುತ್ತದೆ ನಿಜ, ಆದರೆ ಕ್ಯಾಪಿನಿಂದ ಹೊರಗೆ ತೆಗೆದ ವೈರಿಗೆ ಆ ತೇವ ಅಡ್ಡಿಯಾಗಲಾರದು.

ಅಕ್ಕ ಚೀಲದಲ್ಲಿ ಹಳೆಯ ಭಾಗಗಳನ್ನೆಲ್ಲ ತಂದಿದ್ದರು. ಅದರಲ್ಲಿ ಅವರ ತಂದೆ ಹಾಕಿದ್ದ ಮೈಕೋ ಪ್ಲಗ್ಗುಗಳೂ ಇದ್ದವು. ಮೈಕೋ, ಅಂದರೆ ಈಗಿನ ಬಾಷ್ ಕಂಪನಿಯ ಆಡುಗೋಡಿ ಕಾರ್ಖಾನೆ ನಮ್ಮ ಶೆಡ್ಡಿನಿಂದ ದೂರವೇನಿರಲಿಲ್ಲ, ಈ ಭಾಗದ ಎಷ್ಟೋ ಮನೆಗಳ ಅನ್ನ ಅದಾಗಿತ್ತು. ಎಲೆಕ್ಟ್ರೋಡ್ ತಿಳಿ ಕಂದು ಬಣ್ಣ, ಸವೆತ ಕಡಿಮೆ. 0.75 ಮಿ.ಮೀ. ಗ್ಯಾಪಿಗೆ ತಂದರೆ ಇನ್ನೂ ಓಡುವಂಥವು. ಅವನ್ನು ಒರೆಸಿ ಎತ್ತಿಟ್ಟೆ.

ಬ್ಯಾಟರಿ ನಿಂತಲ್ಲಿ 12.5 ವೋಲ್ಟ್, ಸೆಲ್ಫ್ ಹೊಡೆಯುವಾಗ 10.4. ಅದು ಸರಿಯಾಗಿದೆ. ಕೀ ಆನ್ ಮಾಡಿ ಕಾಯಿಲ್ಲಿನ ಪ್ಲಸ್ ಟರ್ಮಿನಲ್ಲಿನಲ್ಲಿ ಅಳೆದರೆ 11.3. ಒಂದು ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಸೋರುತ್ತಿದೆ, ನೋಡಬೇಕಾದ ವಿಷಯವೇ. ಆದರೆ ಅಷ್ಟಕ್ಕೇ ಕಿಡಿ ಪೂರ್ತಿ ಸಾಯುವುದಿಲ್ಲ. ಪಕ್ಕಕ್ಕೆ ಬರೆದಿಟ್ಟುಕೊಂಡೆ.

ಇನ್ನು ಟೆಸ್ಟ್ ಲ್ಯಾಂಪ್. ಚಿಕ್ಕ 12 ವೋಲ್ಟ್ ಬಲ್ಬು, ಎರಡು ವೈರು, ಒಂದು ಕ್ಲಿಪ್ಪು, ಒಂದು ಸೂಜಿ. ಪಾಯಿಂಟ್ ಇರುವ ಗಾಡಿಯಲ್ಲಿ ಇದರಷ್ಟು ಮಾತಾಡುವ ಉಪಕರಣ ಇನ್ನೊಂದಿಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕ್ಲಿಪ್ಪನ್ನು ಬಾಡಿಗೆ ಹಾಕಿ, ಸೂಜಿಯನ್ನು ಕಾಯಿಲ್ಲಿನ ಮೈನಸ್ ಟರ್ಮಿನಲ್ಲಿಗೆ, ಅಂದರೆ ಡಿಸ್ಟ್ರಿಬ್ಯೂಟರಿಗೆ ವೈರು ಹೋಗುವ ಕಡೆಗೆ, ಇಟ್ಟು ಸೆಲ್ಫ್ ಹೊಡೆಯಬೇಕು. ಬಲ್ಬು ಹತ್ತಿ ಆರಿ ಮಿಣುಕಿದರೆ ಪಾಯಿಂಟ್ ಸರಿಯಾಗಿ ಮುಚ್ಚಿ ತೆರೆಯುತ್ತಿದೆ. ಹತ್ತಿಕೊಂಡೇ ಇದ್ದರೆ ಪಾಯಿಂಟ್ ಮುಚ್ಚುತ್ತಿಲ್ಲ, ಇಲ್ಲವೇ ಕೊಳೆ ಕೂತಿದೆ, ಇಲ್ಲವೇ ಒಳಗಿನ ವೈರು ಕಡಿದಿದೆ. ಹತ್ತಲೇ ಇಲ್ಲ ಎಂದರೆ ಕಾಯಿಲ್ಲಿನ ಪ್ರೈಮರಿ ಕಡಿದಿದೆ, ಇಲ್ಲವೇ ಕಾಯಿಲ್ಲಿನಿಂದ ಮುಂದೆ ಎಲ್ಲೋ ಸದಾ ಅರ್ಥ್ ಆಗಿದೆ, ಅಂದರೆ ಬಾಡಿಯ ಲೋಹಕ್ಕೆ ತಾಗಿದೆ.

ನಮ್ಮ ಬಲ್ಬು ಹತ್ತಲೇ ಇಲ್ಲ.

ಎರಡರಲ್ಲಿ ಯಾವುದು ಎಂದು ತಿಳಿಯಲು ಡಿಸ್ಟ್ರಿಬ್ಯೂಟರಿಗೆ ಹೋಗುವ ವೈರನ್ನು ಕಾಯಿಲ್ಲಿನಿಂದ ಬಿಡಿಸಿದೆ. ತಕ್ಷಣ ಬಲ್ಬು ಹತ್ತಿತು. ಕಾಯಿಲ್ಲಿನ ಒಳಗಿಂದ ಕರೆಂಟ್ ಹಾದು ಬರುತ್ತಿದೆ, ಪ್ರೈಮರಿ ಕಡಿದಿಲ್ಲ. ತಪ್ಪು ಬಿಡಿಸಿದ ಆ ವೈರಿನಿಂದ ಆಚೆಗಿದೆ. ಅಕ್ಕನ ಮುಳ್ಳು ಹೇಳಿದ್ದೂ ಇದನ್ನೇ.

ಕಾಯಿಲ್ಲನ್ನು ಅಲ್ಲೇ ಪರೀಕ್ಷೆಗಿಟ್ಟೆವು. ಮೈನಸ್ ಟರ್ಮಿನಲ್ಲಿಗೂ ಬಾಡಿಗೂ ನಡುವೆ ನಮ್ಮಲ್ಲಿದ್ದ ಒಳ್ಳೆಯ ಕಂಡೆನ್ಸರ್ ಒಂದನ್ನು ಕಟ್ಟಿ, ಅದೇ ಟರ್ಮಿನಲ್ಲಿನಿಂದ ಬಿಡಿ ವೈರೊಂದನ್ನು ಬ್ಲಾಕಿಗೆ ತಾಗಿಸಿ ಬಿಟ್ಟೆ. ಬಿಟ್ಟಾಗಲೆಲ್ಲ ದಪ್ಪ ವೈರಿನ ತುದಿಯಿಂದ ನೀಲಿ ಕಿಡಿ ಟಪ್ಪೆಂದು ಹಾರಿತು. ಚೀಲದಲ್ಲಿದ್ದ ಹಳೆಯ ಕಾಯಿಲ್ಲನ್ನೂ ಹಾಗೇ ಕಟ್ಟಿ ನೋಡಿದೆವು. ಅದರಿಂದಲೂ ಅಷ್ಟೇ ಚೆನ್ನಾದ ಕಿಡಿ. ಅದರ ಪ್ರೈಮರಿ 3.1 ಓಮ್, ಸೆಕೆಂಡರಿ 8.4 ಕಿಲೋ ಓಮ್, ಬ್ಯಾಲಸ್ಟ್ (ಕರೆಂಟ್ ತಗ್ಗಿಸುವ ರೆಸಿಸ್ಟರ್) ಇಲ್ಲದ 12 ವೋಲ್ಟ್ ಕಾಯಿಲ್ಲಿಗೆ ಇರಬೇಕಾದ ಲೆಕ್ಕವೇ. ಮೊದಲಿನ ಕಾಯಿಲ್ ಕೆಟ್ಟೇ ಇರಲಿಲ್ಲ. ಅಕ್ಕನ ಮುಖ ನೋಡಿ ನನಗೆ ಸಂಕಟವಾಯಿತು. ಸಸಿ ಮಾರಿ ಕೂಡಿಟ್ಟ ದುಡ್ಡು ಅದು.

ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದೆವು. ಜೀಪಿಗೆ ಹ್ಯಾಂಡಲ್ ಇರುವುದು ಇಂಥ ಹೊತ್ತಿಗೆ ದೊಡ್ಡ ಅನುಕೂಲ: ಹುಡುಗ ಮುಂದಿನಿಂದ ನಿಧಾನಕ್ಕೆ ತಿರುಗಿಸಿದ, ಒಳಗೆ ತಿರುಗುವ ಕ್ಯಾಮಿನ ಏಣು ಪಾಯಿಂಟಿನ ಹಿಮ್ಮಡಿಗೆ, ಅಂದರೆ ಕ್ಯಾಮಿಗೆ ಒರಗಿದ ಅದರ ಉಬ್ಬಿಗೆ, ಬಂದು ಪಾಯಿಂಟ್ ಪೂರ್ತಿ ತೆರೆದಾಗ ನಿಲ್ಲಿಸಿದೆ. ನಡುವೆ ಒಂದು ಕಾಗದದ ಚೂರು ಇಟ್ಟೆ. ಈಗ ಬಿಡಿಸಿದ ವೈರಿಗೂ ಬಾಡಿಗೂ ಸಂಬಂಧವೇ ಇರಬಾರದು. ಮೀಟರ್ 0.2 ಓಮ್ ತೋರಿಸಿತು, ಅಂದರೆ ನೇರ ಸಂಪರ್ಕ. ಕಂಡೆನ್ಸರನ್ನು ಬಿಡಿಸಿದೆ. ಆಗಲೂ 0.2. ಕಂಡೆನ್ಸರ್ ಒಳಗೆ ಶಾರ್ಟ್ ಆಗಿದ್ದರೆ ಅದನ್ನು ಬಿಡಿಸಿದ ಕೂಡಲೇ ಮೀಟರ್ ಖಾಲಿ, ಅಂದರೆ ಸಂಪರ್ಕ ಇಲ್ಲವೆಂದು, ತೋರಿಸಬೇಕಿತ್ತು. ಉಳಿದದ್ದು ಪಾಯಿಂಟಿನ ಟರ್ಮಿನಲ್ ಮತ್ತು ವೈರು.

ಟರ್ಮಿನಲ್ಲಿನ ನಟ್ಟು ಸಡಿಲಿಸಿ ಒಂದೊಂದೇ ಎತ್ತಿದೆ. ಆ ಪುಟ್ಟ ಬೋಲ್ಟಿನ ಮೇಲೆ ಮೂರು ವಸ್ತುಗಳು ಒಂದಕ್ಕೊಂದು ತಾಗಿ ಕೂರಬೇಕು: ಕಾಯಿಲ್ಲಿನಿಂದ ಬಂದ ವೈರಿನ ಲಗ್ಗು (ತುದಿಯ ಲೋಹದ ಬಳೆ), ಕಂಡೆನ್ಸರಿನ ಲಗ್ಗು, ಪಾಯಿಂಟಿನ ಸ್ಪ್ರಿಂಗು. ಮೂರೂ ಕೆಳಗಿನ ಲೋಹದ ಪ್ಲೇಟಿಗೆ ತಾಗಬಾರದು. ಅದಕ್ಕಾಗಿಯೇ ಬೆರಳ ತುದಿಯಲ್ಲಿ ಹಿಡಿಯಲೂ ಕಷ್ಟವಾಗುವಷ್ಟು ಸಣ್ಣ ಫೈಬರ್ ವಾಶರ್ ಒಂದಿರುತ್ತದೆ. ಲಗ್ಗುಗಳು ವಾಶರಿನ ಮೇಲೆ ಕೂರಬೇಕು. ಇಲ್ಲಿ ವೈರಿನ ಲಗ್ಗು ವಾಶರಿನ ಕೆಳಗೆ ಹೋಗಿತ್ತು. ನಟ್ಟು ಬಿಗಿಯುತ್ತಿದ್ದಂತೆ ಅದು ಪ್ಲೇಟಿಗೆ ಅಂಟಿಕೊಂಡಿತ್ತು. ಪಾಯಿಂಟ್ ತೆರೆದರೂ ಕರೆಂಟಿಗೆ ಬೇರೆ ದಾರಿ ಸದಾ ತೆರೆದೇ ಇತ್ತು, ಹೀಗಾಗಿ ಅದು ಕಡಿಯುವ ಮಾತೇ ಇರಲಿಲ್ಲ.

ಕ್ರಮ ಸರಿಪಡಿಸಿ ಬಿಗಿದೆ. ಮೀಟರ್ ಖಾಲಿ ತೋರಿಸಿತು. ಕಾಗದ ತೆಗೆದು, ಸಂದಿ ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜಿನಲ್ಲಿ ಪಾಯಿಂಟ್ ಗ್ಯಾಪನ್ನು ಈ ಎಂಜಿನ್ನಿನ ಕೈಪಿಡಿ ಹೇಳುವ 0.5 ಮಿ.ಮೀ.ಗೆ ಇಟ್ಟು, ಕ್ಯಾಪ್ ಮುಚ್ಚಿ ಸೆಲ್ಫ್ ಹೊಡೆದರೆ ಟೆಸ್ಟ್ ಲ್ಯಾಂಪ್ ಮಿಣುಕಿತು, ಮುಳ್ಳು ಅದುರಿತು, ಎಂಜಿನ್ ಹಿಡಿಯಿತು. ಹೊಗೆ ಸ್ವಲ್ಪ ಬಂತು, ಕೂತ ಪೆಟ್ರೋಲಿನದು. ಅಕ್ಕ ಕೈ ಮುಗಿದರು. ಹುಡುಗ ಬಾನೆಟ್ ಮುಚ್ಚಲು ಕೈ ಹಾಕಿದ.

ತಡೆ ಅಂದೆ. ಆ ವಾಶರ್ ತಪ್ಪಾಗಿ ಕೂತದ್ದು ಪಾಯಿಂಟ್ ಬದಲಿಸಿದಾಗ. ಪಾಯಿಂಟ್ ಬದಲಿಸಿದ್ದು ಗಾಡಿ ನಿಂತ ಮೇಲೆ. ಹಾಗಿದ್ದರೆ ಸಾರಕ್ಕಿಯ ಗುಂಡಿಯಲ್ಲಿ ಗಾಡಿ ನಿಂತದ್ದು ಯಾಕೆ? ಅದಕ್ಕೂ ಮುಂಚೆ ಒಣ ದಿನಗಳಲ್ಲಿ ಕೆಮ್ಮುತ್ತಿದ್ದದ್ದು ಯಾಕೆ?

ಈ ಪ್ರಕರಣವನ್ನು ಬರೆಯಲು ಹೊರಟದ್ದೇ ಈ ಪ್ರಶ್ನೆಗಾಗಿ. ರಿಪೇರಿಯ ನಡುವೆ ಹುಟ್ಟಿದ ತಪ್ಪು ಮೂಲ ತಪ್ಪನ್ನು ಮುಚ್ಚಿಹಾಕುತ್ತದೆ. ಎರಡನೆಯದನ್ನು ಸರಿಪಡಿಸಿದಾಗ ಗಾಡಿ ಸ್ಟಾರ್ಟ್ ಆಗುತ್ತದೆ, ಎಲ್ಲರೂ ಕೆಲಸ ಮುಗಿಯಿತೆಂದು ಎದ್ದು ಹೋಗುತ್ತಾರೆ, ಮೊದಲನೆಯದು ಒಳಗೇ ಉಳಿಯುತ್ತದೆ. ಅಕ್ಕ ಹಾಗೇ ಹೊರಟಿದ್ದರೆ ಮುಂದಿನ ಗುಂಡಿಯಲ್ಲೋ, ಅದರ ಮುಂದಿನದರಲ್ಲೋ, ಹಿಂದೆ ಬಸ್ಸು ಹತ್ತಿರ ಬರುತ್ತಿರುವಾಗ ಎಂಜಿನ್ ಮತ್ತೆ ಆಫ್ ಆಗುತ್ತಿತ್ತು. ಮೊದಲಿನ ಮೆಕ್ಯಾನಿಕ್ ಮೇಲೆ ನನಗೆ ಸಿಟ್ಟಿಲ್ಲ. ಪಾಯಿಂಟ್ ಗಾಡಿಗಳು ಈಗ ಕೈಗೆ ಸಿಗುವುದೇ ಅಪರೂಪ, ಆ ವಾಶರಿನ ಕ್ರಮ ಹೇಳಿಕೊಡುವವರೂ ಅಪರೂಪ. ಆದರೆ ಕರೆಂಟ್ ಎಲ್ಲಿಯವರೆಗೆ ಬಂದಿದೆ ಎಂದು ನೋಡದೆ ಭಾಗ ಬದಲಿಸುವ ಅಭ್ಯಾಸವನ್ನು ನಾನು ಒಪ್ಪಲಾರೆ. ಬದಲಿಸಿದ ಪ್ರತಿಯೊಂದು ಭಾಗದ ಜೊತೆಗೆ ಹೊಸ ಅನುಮಾನವೂ ಒಳಗೆ ಬರುತ್ತದೆ.

ಎಂಜಿನ್ ಓಡುತ್ತಿರುವಾಗಲೇ ಟೆಸ್ಟ್ ಲ್ಯಾಂಪನ್ನು ಕಾಯಿಲ್ಲಿನ ಮೈನಸ್ಸಿಗೆ ಕಟ್ಟಿ ಬಿಟ್ಟೆ. ಓಡುವಾಗ ಅದು ಮಂದವಾಗಿ ಉರಿಯುತ್ತಿರುತ್ತದೆ. ಒಣ ಮರದ ಕಡ್ಡಿಯಿಂದ ವೈರುಗಳನ್ನು ಒಂದೊಂದಾಗಿ ಅಲುಗಿಸಿದೆ. ಕೀ ಕಡೆಯ ವೈರು: ಏನೂ ಇಲ್ಲ. ಕಾಯಿಲ್ಲಿನ ಟರ್ಮಿನಲ್ಲುಗಳು: ಏನೂ ಇಲ್ಲ. ಡಿಸ್ಟ್ರಿಬ್ಯೂಟರಿನ ಗೋಡೆಯೊಳಗೆ ವೈರು ನುಗ್ಗುವ ಜಾಗದಲ್ಲಿ ಸ್ವಲ್ಪ ಒತ್ತಿದೆ. ಬಲ್ಬು ಪೂರ್ತಿ ಆರಿತು, ಎಂಜಿನ್ ಸತ್ತಿತು, ಮುಳ್ಳು ಡಿಸ್‌ಚಾರ್ಜಿನಲ್ಲಿ ನಿಂತಿತು. ಕಡ್ಡಿ ಬಿಟ್ಟೆ, ಬಲ್ಬು ಮತ್ತೆ ಹತ್ತಿತು. ವೈರು ಕಡಿದಿದ್ದರೆ ಬಲ್ಬು ಇನ್ನೂ ಪ್ರಕಾಶವಾಗಿ ಉರಿಯಬೇಕಿತ್ತು. ಆರಿತು ಎಂದರೆ ಅರ್ಥ್ ಆಗುತ್ತಿದೆ.

ಕೀ ಆಫ್ ಮಾಡಿ ವೈರನ್ನು ಹೊರಕ್ಕೆಳೆದು ನೋಡಿದೆವು. ಗೋಡೆಯ ರಂಧ್ರಕ್ಕೆ ಇರಬೇಕಾದ ರಬ್ಬರ್ ಬುಶ್ಶು ಎಂಜಿನ್ನಿನ ಕಾವಿಗೆ ಕಲ್ಲಾಗಿ, ಅರ್ಧ ಉದುರಿ ಹೋಗಿತ್ತು. ವೈರು ಲೋಹದ ಅಂಚಿನ ಮೇಲೇ ಉಜ್ಜುತ್ತಿತ್ತು. ಇನ್ಸುಲೇಷನ್ ಸವೆದು, ಕಡಲೆ ಕಾಳಿನಷ್ಟೂ ಇಲ್ಲದ ಜಾಗದಲ್ಲಿ ತಾಮ್ರ ಹೊಳೆಯುತ್ತಿತ್ತು. ಗುಂಡಿಗೆ ಇಳಿದಾಗ ಎಂಜಿನ್ ತನ್ನ ಮೌಂಟಿಂಗ್ ಮೇಲೆ ಓಲಾಡುತ್ತದೆ, ಚಾಸಿ ಕಡೆಗೆ ಕಟ್ಟಿದ ವೈರು ಎಳೆದುಕೊಳ್ಳುತ್ತದೆ, ತಾಮ್ರ ಅಂಚಿಗೆ ತಾಗುತ್ತದೆ. ಕೆಮ್ಮಿ ಹಿಡಿದುಕೊಳ್ಳುತ್ತಿದ್ದ ದಿನಗಳಲ್ಲಿ ತಾಗಿ ಬಿಡುತ್ತಿತ್ತು. ಸಾರಕ್ಕಿಯಲ್ಲಿ ತಾಗಿದ್ದು ಬಿಡಲಿಲ್ಲ. ಮಳೆಗೂ ಇದಕ್ಕೂ ಸಂಬಂಧವಿಲ್ಲ. ಮಳೆ ಗುಂಡಿಯನ್ನು ನೀರಲ್ಲಿ ಮುಚ್ಚಿ ಕಾಣದ ಹಾಗೆ ಮಾಡಿತ್ತು, ಅಷ್ಟೇ.

ಹೊಸ ವೈರು ಹಾಕುವಾಗ ಸಾಮಾನ್ಯ ಮನೆ ವೈರಿಂಗಿನ ಗಟ್ಟಿ ತಾಮ್ರ ಬಳಸಬಾರದು, ಅಲುಗಾಟಕ್ಕೆ ಅದು ಒಳಗೊಳಗೇ ಮುರಿಯುತ್ತದೆ. ಸಣ್ಣ ಎಳೆಗಳಿರುವ ಮೆತ್ತನೆಯ ಆಟೋ ವೈರು ತೆಗೆದುಕೊಂಡು, ಕಾವು ತಡೆಯುವ ಸ್ಲೀವ್ ತೊಡಿಸಿ, ಹೊಸ ರಬ್ಬರ್ ಬುಶ್ಶಿನ ಮೂಲಕ ಹಾಯಿಸಿ, ಎಂಜಿನ್ ಓಲಾಡಿದರೂ ಎಳೆಯದಷ್ಟು ಸಡಿಲ ಬಿಟ್ಟು ಕಟ್ಟಿದೆವು. ಬುಶ್ಶು ಚಿಲ್ಲರೆ ಕಾಸಿನ ವಸ್ತು.

ಬರೆದಿಟ್ಟುಕೊಂಡಿದ್ದ ವೋಲ್ಟೇಜ್ ಸೋರಿಕೆಗೆ ಮರಳಿದೆವು. ಆಂಪಿಯರ್ ಮೀಟರಿನ ಹಿಂದಿನ ನಟ್ಟುಗಳು ಹಸಿರು ಕಟ್ಟಿದ್ದವು, ಉಜ್ಜಿ ಬಿಗಿದೆವು. ಉಳಿದದ್ದು ಕೀ ಸ್ವಿಚ್ಚಿನೊಳಗೆ. ಅದರ ಭಾರ ಇಳಿಸಲು ಕೀ ಬದಲು ಕಾಯಿಲ್ಲಿನ ಕರೆಂಟ್ ಹೊರುವ ಸ್ವಿಚ್ಚು, ಅಂದರೆ ಫ್ಯೂಸ್ ಸಹಿತ ಒಂದು ರಿಲೇ ಕೂರಿಸಿದೆವು. ಈಗ ಕಾಯಿಲ್ಲಿನಲ್ಲಿ 12.1 ವೋಲ್ಟ್.

ಕಂಡೆನ್ಸರ್ ವಿಷಯದಲ್ಲಿ ಹಳೆಯದನ್ನೇ ಮರಳಿ ಹಾಕಿದೆ. ಅಳೆದರೆ 0.22 ಮೈಕ್ರೋಫ್ಯಾರಡ್ ಇತ್ತು, ಸೋರಿಕೆ ಇರಲಿಲ್ಲ, ಈ ಕಾವನ್ನು ಅದು ವರ್ಷಗಟ್ಟಲೆ ತಾಳಿಕೊಂಡಿದೆ. ಈಗ ಸಿಗುವ ಅಗ್ಗದ ಕಂಡೆನ್ಸರುಗಳು ಬಿಸಿಯಾದಾಗ ಕೈಕೊಡುವುದನ್ನು ಮತ್ತೆ ಮತ್ತೆ ನೋಡಿರುವುದರಿಂದ ಹೊಸದನ್ನು ಡಬ್ಬಿಯಲ್ಲಿ ಸ್ಪೇರ್ ಆಗಿ ಕೊಟ್ಟೆ. ಕಾಯಿಲ್ಲೂ ಹಳೆಯದೇ ಮರಳಿತು. ಹೊಸದು ಸೀಟಿನ ಕೆಳಗೆ.

ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿಸಿಬಿಡಲೇ ಎಂದು ಅಕ್ಕ ಕೇಳಿದರು. ತಪ್ಪೇನಿಲ್ಲ, ಹಾಗೆ ಮಾಡಿದ್ದರೆ ಈ ವೈರೂ ವಾಶರೂ ಎರಡೂ ಹೊರಗೆ ಹೋಗುತ್ತಿದ್ದವು. ಆದರೆ ಮಾಡ್ಯೂಲ್ ಕೆಟ್ಟರೆ ರಸ್ತೆಬದಿಯಲ್ಲಿ ಮಾಡಲು ಏನೂ ಇರುವುದಿಲ್ಲ. ಪಾಯಿಂಟನ್ನು ಉಗುರು ಉಜ್ಜುವ ಅರದಿಂದ ಒರೆಸಿಕೊಂಡಾದರೂ ಮನೆ ಸೇರಬಹುದು. ಕನಕಪುರದ ಆಚೆ ತೋಟಗಳಿಗೆ ಹೋಗಿ ಬರುವ ಗಾಡಿಗೆ ಪಾಯಿಂಟೇ ಇರಲಿ ಎಂದೆ. ಅವರೂ ಒಪ್ಪಿದರು.

ಪ್ಲಗ್ ವೈರುಗಳು ಸಿಲಿಂಡರುಗಳಿಗೆ ಕಿಡಿ ಹೋಗಬೇಕಾದ 1-3-4-2 ಕ್ರಮದಲ್ಲಿವೆಯೇ ಎಂದು ನೋಡಿ, ಟೈಮಿಂಗ್ (ಕಿಡಿ ಹಾರುವ ಹೊತ್ತು) ಸರಿಮಾಡಿ, ಸಿದ್ದಾಪುರ ರಸ್ತೆಯಿಂದ ಅಶೋಕ ಪಿಲ್ಲರ್, ಸೌತ್ ಎಂಡ್ ಸರ್ಕಲ್ ಸುತ್ತಿ ಬಂದೆವು. ಸ್ಟಿಯರಿಂಗ್ ಅಕ್ಕನದೇ. ಸಿಕ್ಕ ಗುಂಡಿ, ಹಂಪುಗಳನ್ನೆಲ್ಲ ಬೇಕೆಂದೇ ಹತ್ತಿಸಿ ಇಳಿಸಿದರು. ಎಂಜಿನ್ ಒಮ್ಮೆಯೂ ತಡವರಿಸಲಿಲ್ಲ.

ಹೋಗುವಾಗ ಎರಡು ವಿಷಯ ಹೇಳಿ ಕಳಿಸಿದೆ. ಎಂಜಿನ್ ಓಡದಿರುವಾಗ ಕೀ ಆನ್ ಮಾಡಿ ಬಿಡಬಾರದು. ಪಾಯಿಂಟ್ ಮುಚ್ಚಿದ ಜಾಗದಲ್ಲಿ ನಿಂತಿದ್ದರೆ ಕಾಯಿಲ್ ಕಾದು ಸುಟ್ಟುಹೋಗುತ್ತದೆ. ಇನ್ನೊಂದು, ಹೊಸ ಪಾಯಿಂಟಿನ ಹಿಮ್ಮಡಿ ಕ್ಯಾಮಿಗೆ ಹೊಂದಿಕೊಳ್ಳುವಾಗ ಸ್ವಲ್ಪ ಸವೆದು ಗ್ಯಾಪ್ ಕಡಿಮೆಯಾಗುತ್ತದೆ. ಕ್ಯಾಮಿಗೆ ಒಂದು ಚೂರು ಗ್ರೀಸ್ ಸವರಿದ್ದೇನೆ. ಸಾವಿರ ಕಿಲೋಮೀಟರ್ ಓಡಿದ ಮೇಲೆ ಫೀಲರ್ ಗೇಜ್ ಹಾಕಿ 0.5ಕ್ಕೆ ಮರಳಿ ತರಬೇಕು. ಫ್ಲವರ್ ಶೋ ಮುಗಿಯುವ ಹೊತ್ತಿಗೆ ಅಷ್ಟು ಓಡಿರುತ್ತದೆ. ಓಡೋಮೀಟರಿನ ಅಂಕಿ ಬರೆದಿಟ್ಟುಕೊಂಡಿದ್ದೇನೆ.